ಗ್ಯಾಸ್ ತುಂಬಿಸುವ ಮೊದಲು: ಡೊಂಬಿವಲಿಯ ಒಂದು ಫ್ರಿಜ್ ದುರಸ್ತಿ ಅಂಗಡಿ

ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಮಾನಪಾಡಾ ರಸ್ತೆಯ ಕಡೆಗೆ ನಡೆಯುವಾಗ ಸಿಗುವ ಒಂದು ಗಲ್ಲಿಯಲ್ಲಿ, ಹಿಟ್ಟಿನ ಗಿರಣಿಗೂ ಝೆರಾಕ್ಸ್ ಅಂಗಡಿಗೂ ನಡುವೆ, ಎಂಟಡಿ ಅಗಲದ ಒಂದು ಫ್ರಿಜ್ ದುರಸ್ತಿ ಅಂಗಡಿಯಿದೆ. ಮಾಲೀಕರು ಕಾರ್ಕಳದ ಕಡೆಯವರು. ಹದಿನಾರನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು ಮಾಟುಂಗಾದ ಹೋಟೆಲೊಂದರಲ್ಲಿ ಟೇಬಲ್ ಒರೆಸುತ್ತಿದ್ದ ಅವರು, ಹೋಟೆಲಿನ ಕೂಲರ್ ಕೆಟ್ಟ ದಿನ ರಿಪೇರಿಗೆ ಬಂದ ಮಿಸ್ತ್ರಿಯ ಚೀಲ ಹೊತ್ತುಕೊಂಡು ಹೊರಟವರು ಮತ್ತೆ ಹೋಟೆಲಿಗೆ ಮರಳಲಿಲ್ಲವಂತೆ. ಅಂಗಡಿಯಲ್ಲಿ ಅವರು ಮತ್ತು ಒಬ್ಬ ಹುಡುಗ ಇಬ್ಬರೇ. ಈಗ ಬರುತ್ತಿರುವ ಫೋನುಗಳಿಗೇ ಉತ್ತರ ಕೊಡಲಾಗುತ್ತಿಲ್ಲ, ಹೆಸರು ನಂಬರು ಎಲ್ಲಿಯೂ ಹಾಕಬೇಡಿ ಎಂದು ಅವರೇ ಕೇಳಿಕೊಂಡಿರುವುದರಿಂದ ಇಲ್ಲಿ ಎರಡೂ ಇಲ್ಲ. ಗಲ್ಲಿಯ ಬಾಯಲ್ಲಿ ನಿಂತು ಫ್ರಿಜ್‌ವಾಲೇ ಅಣ್ಣ ಎಲ್ಲಿ ಎಂದು ಕೇಳಿದರೆ ಗಿರಣಿಯವರು ಕೈ ತೋರಿಸುತ್ತಾರೆ. ಎರಡು ವರ್ಷಗಳಲ್ಲಿ ನಮ್ಮ ಮನೆಗೆ, ನನ್ನ ಅಕ್ಕನ ಮನೆಗೆ ಮತ್ತು ನಮ್ಮ ಎದುರು ಮನೆಗೆ ಅವರು ಮಾಡಿಕೊಟ್ಟ ಕೆಲಸವನ್ನು ಪಕ್ಕದಲ್ಲೇ ನಿಂತು ನೋಡಿದ ಆಧಾರದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ನಮ್ಮದು 2014ರಲ್ಲಿ ಕೊಂಡ, 260 ಲೀಟರಿನ, ಎರಡು ಬಾಗಿಲಿನ ಫ್ರಾಸ್ಟ್-ಫ್ರೀ ಫ್ರಿಜ್. 2023ರ ಜುಲೈ ತಿಂಗಳಲ್ಲಿ ಮೇಲಿನ ಫ್ರೀಜರ್ ಕಲ್ಲಿನಂತಿರುವಾಗಲೇ ಕೆಳಗಿನ ಭಾಗ ಬೆಚ್ಚಗಾಗತೊಡಗಿತು. ಮೊದಲ ಸೂಚನೆ ಕೊಟ್ಟದ್ದು ದೋಸೆ ಹಿಟ್ಟು: ರಾತ್ರಿ ಫ್ರಿಜ್ಜಿನೊಳಗಿಟ್ಟ ಹಿಟ್ಟು ಬೆಳಗ್ಗೆ ಉಕ್ಕಿ ಪಾತ್ರೆಯಿಂದಾಚೆ ಹರಿದಿತ್ತು. ಅದನ್ನು ಮಳೆಗಾಲದ ಹುಳಿ ಎಂದು ತಳ್ಳಿಹಾಕಿದೆವು. ಮರುದಿನ ಹಾಲು ಒಡೆಯಿತು. ಮಹಾರಾಷ್ಟ್ರದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವುದರಿಂದ, ಮೇ ಕೊನೆಯಲ್ಲಿ ತಂದು ಶುಚಿಮಾಡಿ ಕಟ್ಟಿಟ್ಟ ಬಂಗುಡೆ ಫ್ರೀಜರಿನಲ್ಲಿತ್ತು. ಕೆಳಗಿನ ಬಿಸಿ ಮೇಲಕ್ಕೂ ಏರಿದರೆ ಎರಡು ತಿಂಗಳ ಯೋಜನೆ ಮಣ್ಣುಪಾಲಾಗುವುದೆಂಬ ಆತಂಕದಲ್ಲಿ ಕಂಪನಿಯ ಸೇವಾ ಕೇಂದ್ರಕ್ಕೆ ಫೋನ್ ಮಾಡಿದೆವು.

ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ. ಬಂದ ತಂತ್ರಜ್ಞರು ಬಾಗಿಲು ತೆರೆದು ಕೈಯಿಟ್ಟು ನೋಡಿದರು, ಹಿಂದೆ ಬಗ್ಗಿ ಕಂಪ್ರೆಸರ್ ಮುಟ್ಟಿದರು, ಏಳೆಂಟು ನಿಮಿಷಗಳೊಳಗೆ ಗ್ಯಾಸ್ ಕಡಿಮೆಯಾಗಿದೆಯೆಂದೂ ತುಂಬಿಸಲು 4,200 ರೂಪಾಯಿ ಆಗುವುದೆಂದೂ ಹೇಳಿದರು. ಒಂದು ಸ್ಕ್ರೂ ಕೂಡ ಬಿಚ್ಚಿರಲಿಲ್ಲ. ಹತ್ತು ವರ್ಷದ ಫ್ರಿಜ್ಜಿಗೆ ಇಷ್ಟು ಹಾಕುವುದಕ್ಕಿಂತ ಹೊಸದನ್ನೇ ಕೊಳ್ಳಿ, ವಿನಿಮಯದ ಯೋಜನೆಯಿದೆ ಎಂಬ ಸಲಹೆಯನ್ನೂ ಕೊಟ್ಟು ಭೇಟಿಯ ಶುಲ್ಕ ಪಡೆದು ಹೋದರು. ಅಂದೇ ಸಂಜೆ ನಮ್ಮ ಸೊಸೈಟಿಯ ಕಾರ್ಯದರ್ಶಿಯವರು ಈ ಅಂಗಡಿಯ ದಾರಿ ಹೇಳಿದರು.

ಅಂಗಡಿಯವರು ಮರುದಿನ ಮಧ್ಯಾಹ್ನ ಬರುತ್ತೇನೆಂದು ಹೇಳಿ ಅದರ ಮರುದಿನ ಸಂಜೆ ಬಂದರು. ಈ ದೋಷದ ವಿಚಾರಕ್ಕೆ ಆಮೇಲೆ ಬರುತ್ತೇನೆ. ಬಂದವರು ಮೊದಲು ಮಾಡಿದ ಕೆಲಸವೆಂದರೆ ಪ್ರಶ್ನೆ ಕೇಳಿದ್ದು. ಮೇಲೆ ಐಸ್ ಗಟ್ಟಿಯಿದೆಯೇ, ಕೆಳಗೆ ಗಾಳಿ ಬೀಸುವ ಸದ್ದು ಎಂದಿನಿಂದ ನಿಂತಿದೆ, ಕಳೆದ ತಿಂಗಳಲ್ಲಿ ಒಂದು ಇಡೀ ದಿನ ಕರೆಂಟ್ ಹೋಗಿತ್ತೇ, ಹೋಗಿದ್ದರೆ ಬಂದ ಮೇಲೆ ಫ್ರಿಜ್ ಕೆಲವು ದಿನ ಸರಿಯಾಗಿ ನಡೆಯಿತೇ ಎಂದು ಕೇಳಿದರು. ಕೊನೆಯ ಪ್ರಶ್ನೆಗೆ ನನ್ನ ಹೆಂಡತಿ ಹೌದೆಂದಳು: ಜೂನ್ ಕೊನೆಯಲ್ಲಿ ಮಹಾವಿತರಣದ ಕೇಬಲ್ ಕೆಟ್ಟು ಹದಿನೆಂಟು ತಾಸು ಕತ್ತಲಾಗಿತ್ತು, ಆ ಬಳಿಕ ಒಂದು ವಾರ ಹಾಲು ಕೆಟ್ಟಿರಲಿಲ್ಲ. ಅವರು ನಕ್ಕು, “ಹಾಗಾದ್ರೆ ಗ್ಯಾಸ್ ಇದೆ ಮಾರಾಯ್ರೆ. ಅದು ಸ್ಕೂಟರಿನ ಪೆಟ್ರೋಲ್ ಅಲ್ಲ, ಓಡಿಸಿದ ಹಾಗೆ ಖರ್ಚಾಗ್ಲಿಕ್ಕೆ” ಎಂದರು.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ, ಏಕೆಂದರೆ ನಮ್ಮಲ್ಲಿ ಫ್ರಿಜ್ ತಣ್ಣಗಾಗದಿದ್ದರೆ ಗ್ಯಾಸ್ ಮುಗಿಯಿತು ಎನ್ನುವುದು ಗಾದೆಯಂತೆ ಬಾಯಿಗೆ ಬಂದುಬಿಡುತ್ತದೆ. ಫ್ರಿಜ್ಜಿನ ಗ್ಯಾಸು ಬೆಸುಗೆ ಹಾಕಿ ಮುಚ್ಚಿದ ಕೊಳವೆಗಳೊಳಗೆ ಸುತ್ತುತ್ತಿರುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಬಿಸಿಮಾಡುತ್ತದೆ. ಹಿಂಭಾಗದ ಅಥವಾ ಪಕ್ಕದ ಗೋಡೆಗಳೊಳಗಿನ ಕೊಳವೆಗಳಲ್ಲಿ ಅದು ಶಾಖವನ್ನು ಹೊರಗೆ ಬಿಟ್ಟು ದ್ರವವಾಗುತ್ತದೆ. ಕೂದಲಿನಂಥ ಕ್ಯಾಪಿಲರಿ ಕೊಳವೆಯನ್ನು ದಾಟಿ ಒಳಗಿನ ಕಾಯಿಲಿನಲ್ಲಿ ಮತ್ತೆ ಆವಿಯಾಗುತ್ತ ಒಳಗಿನ ಶಾಖವನ್ನು ಹೀರುತ್ತದೆ. ಇಡೀ ಸುತ್ತಿನಲ್ಲಿ ಎಲ್ಲಿಯೂ ಖರ್ಚಾಗುವ ಪ್ರಶ್ನೆಯಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ ಎಂದೇ ಅರ್ಥ, ಸೋರಿದ ತೂತನ್ನು ಹುಡುಕಿ ಮುಚ್ಚದೆ ಮೇಲಿಂದ ತುಂಬಿಸಿದ ಗ್ಯಾಸು ಮತ್ತೆ ಅದೇ ತೂತಿನಿಂದ ಹೋಗುತ್ತದೆ.

ನಮ್ಮ ಫ್ರಿಜ್ಜಿನ ಫ್ರೀಜರ್ ಖಾಲಿಮಾಡಿಸಿ (ಬಂಗುಡೆ ಎದುರು ಮನೆಗೆ ವಲಸೆ ಹೋಯಿತು) ಅವರು ಹಿಂದಿನ ಪ್ಲಾಸ್ಟಿಕ್ ಹಲಗೆಯನ್ನು ಬಿಚ್ಚಿದರು. ಅದರ ಹಿಂದಿರುವ ಕೂಲಿಂಗ್ ಕಾಯಿಲ್ ಮೇಲಿನಿಂದ ಕೆಳಗಿನವರೆಗೆ ಒಂದೇ ಬಿಳಿಯ ಹಿಮದ ಗೋಡೆಯಾಗಿತ್ತು. ಗ್ಯಾಸ್ ಕಡಿಮೆಯಿದ್ದರೆ ಹಿಮ ಕಾಯಿಲಿನ ಆರಂಭದ ಒಂದೆರಡು ಸುತ್ತುಗಳಿಗೆ ಮಾತ್ರ ಕೂತು ಉಳಿದದ್ದು ಒಣಗಿರುತ್ತದೆ; ಪೂರ್ತಿ ಕಾಯಿಲ್ ಹೀಗೆ ಸಮನಾಗಿ ಮುಚ್ಚಿಹೋಗಿದ್ದರೆ ಗ್ಯಾಸೂ ಕಂಪ್ರೆಸರೂ ತಮ್ಮ ಕೆಲಸ ಮಾಡುತ್ತಲೇ ಇವೆ, ಹಿಮ ಕರಗಿಸುವ ವ್ಯವಸ್ಥೆ ಮಾತ್ರ ನಿಂತಿದೆ ಎಂದು ತಿಳಿಯಬೇಕು. ಫ್ರಾಸ್ಟ್-ಫ್ರೀ ಎಂದರೆ ಹಿಮವೇ ಕಟ್ಟದ ಫ್ರಿಜ್ ಎಂದು ನಾನು ಒಂಬತ್ತು ವರ್ಷ ನಂಬಿದ್ದೆ. ಹಿಮ ಅದರಲ್ಲಿಯೂ ಕಟ್ಟುತ್ತದೆ, ಕಣ್ಣಿಗೆ ಕಾಣದಂತೆ ಹಲಗೆಯ ಹಿಂದೆ. ಕೆಲವು ತಾಸುಗಳಿಗೊಮ್ಮೆ ಟೈಮರ್ ಕಂಪ್ರೆಸರನ್ನು ನಿಲ್ಲಿಸಿ ಕಾಯಿಲಿನ ಕೆಳಗಿನ ಹೀಟರಿಗೆ ಕರೆಂಟ್ ಕೊಡುತ್ತದೆ, ಕರಗಿದ ನೀರು ಹಿಂದಿನ ಕೊಳವೆಯಿಂದ ಕೆಳಗಿನ ತಟ್ಟೆಗೆ ಇಳಿದು ಕಂಪ್ರೆಸರಿನ ಬಿಸಿಗೆ ಆವಿಯಾಗುತ್ತದೆ. ಹೀಟರ್ ಕೆಲಸ ಮಾಡದಿದ್ದರೆ ಹಿಮ ದಿನದಿನಕ್ಕೆ ದಪ್ಪವಾಗಿ ಫ್ಯಾನಿನ ದಾರಿಯನ್ನು ಮುಚ್ಚುತ್ತದೆ. ಕಾಯಿಲಿಗೆ ಹತ್ತಿರವಿರುವ ಫ್ರೀಜರ್ ತಂಪಾಗಿಯೇ ಇರುತ್ತದೆ, ಫ್ಯಾನಿನ ಗಾಳಿಯನ್ನೇ ನಂಬಿದ ಕೆಳಗಿನ ಭಾಗ ಬೆಚ್ಚಗಾಗುತ್ತದೆ. ಕರೆಂಟ್ ಹೋದ ದಿನ ಹಿಮ ತಾನಾಗಿಯೇ ಕರಗಿ ಒಂದು ವಾರ ಎಲ್ಲ ಸರಿಯಾದಂತೆ ಕಂಡದ್ದು ಈ ಕಾರಣಕ್ಕೇ. ಓದುವವರು ಯಾರನ್ನೂ ಕರೆಯದೆ ತಾವೇ ಮಾಡಿ ನೋಡಬಹುದಾದ ಪರೀಕ್ಷೆಯೂ ಇದೇ: ಫ್ರಿಜ್ ಖಾಲಿಮಾಡಿ, ಪ್ಲಗ್ ತೆಗೆದು, ಎರಡೂ ಬಾಗಿಲು ತೆರೆದು, ಕೆಳಗೆ ಹಳೆಯ ಬಟ್ಟೆ ಹಾಸಿ ಒಂದು ಇಡೀ ದಿನ ಬಿಡಬೇಕು. ಮತ್ತೆ ಚಾಲೂ ಮಾಡಿದ ಮೇಲೆ ಒಂದೆರಡು ವಾರ ಚೆನ್ನಾಗಿ ನಡೆದು ಪುನಃ ಕೆಟ್ಟರೆ ಗ್ಯಾಸಿನ ಹೆಸರಲ್ಲಿ ಹಣ ಕೊಡಬೇಡಿ.

ಅವರು ಟೈಮರನ್ನು ಸ್ಕ್ರೂಡ್ರೈವರಿನಿಂದ ಟಕ್ ಎನ್ನುವವರೆಗೆ ತಿರುಗಿಸಿದರು. ಕಂಪ್ರೆಸರ್ ನಿಂತಿತು, ಅಂದರೆ ಟೈಮರ್ ಸರಿಯಿತ್ತು, ಆದರೆ ಹೀಟರ್ ಬಿಸಿಯಾಗಲಿಲ್ಲ. ಪ್ಲಗ್ ತೆಗೆದು ಮೀಟರ್ ಹಿಡಿದರು. 230 ವೋಲ್ಟಿನಲ್ಲಿ 150 ವ್ಯಾಟಿನ ಹೀಟರಾದರೆ ಅದರ ಪ್ರತಿರೋಧ 350 ಓಮಿನ ಆಸುಪಾಸು ಇರಬೇಕು, ನಮ್ಮದು ಹಾಗೆಯೇ ತೋರಿಸಿತು. ಹೀಟರಿನೊಂದಿಗೆ ಒಂದೇ ಸಾಲಿನಲ್ಲಿ ಇನ್ನೆರಡು ಭಾಗಗಳಿರುತ್ತವೆ: ಅತಿಯಾಗಿ ಬಿಸಿಯಾದರೆ ಒಮ್ಮೆಗೇ ಸುಟ್ಟುಹೋಗುವ ಥರ್ಮಲ್ ಫ್ಯೂಸ್, ಮತ್ತು ಚಳಿಯಲ್ಲಿ ಕೂಡಿಕೊಂಡು ಬೆಚ್ಚಗಾದಾಗ ಬಿಡಿಸಿಕೊಳ್ಳುವ ಬೈಮೆಟಲ್. ಹಿಮದಲ್ಲಿ ಹೂತುಹೋಗಿದ್ದ ಬೈಮೆಟಲ್ ಕೂಡಿಕೊಂಡಿರಬೇಕಿತ್ತು. ಅದು ಬಿಡಿಸಿಕೊಂಡೇ ಇತ್ತು, ಹಾಗಾಗಿ ಹೀಟರಿಗೆ ಕರೆಂಟ್ ತಲುಪುತ್ತಿರಲಿಲ್ಲ. ಮೂರು ರೂಪಾಯಿ ನಾಣ್ಯದಷ್ಟಗಲದ ಒಂದು ಭಾಗ ಎಂದು ಬರೆಯಹೊರಟೆ. ಮೂರು ರೂಪಾಯಿಯ ನಾಣ್ಯವೇ ಇಲ್ಲ, ಹತ್ತು ರೂಪಾಯಿಯದೆನ್ನೋಣ.

ಹಿಮ ಕರಗಿಸಲು ಅವರು ತೋರಿದ ತಾಳ್ಮೆಯನ್ನು ವಿಶೇಷವಾಗಿ ಹೇಳಬೇಕು. ಬಿಸಿನೀರನ್ನು ಚೊಂಬಿನಿಂದ ಸ್ವಲ್ಪ ಸ್ವಲ್ಪವೇ ಹೊಯ್ದು, ಕೆಳಗೆ ಹುಡುಗನಿಂದ ಬಾಲ್ದಿ ಹಿಡಿಸಿ, ಮುಕ್ಕಾಲು ತಾಸು ಕಾದರು. ಅವಸರಕ್ಕೆ ಚೂರಿಯಿಂದಲೋ ಸ್ಕ್ರೂಡ್ರೈವರಿನಿಂದಲೋ ಹಿಮವನ್ನು ಕೆತ್ತುವವರಿದ್ದಾರೆ. ಒಳಗಿನ ಕಾಯಿಲ್ ಅಲ್ಯೂಮಿನಿಯಂನದು, ತಗಡಿನಷ್ಟು ತೆಳು. ಒಂದು ಗೀರು ತೂತಾದರೆ ‘ಸ್ಸ್’ ಎಂಬ ಸದ್ದಿನೊಂದಿಗೆ ಇಡೀ ಗ್ಯಾಸು ಹೊರಟುಹೋಗುತ್ತದೆ. ಒಂದು ಬಾಗಿಲಿನ ಹಳೆಯ ಫ್ರಿಜ್ಜುಗಳಲ್ಲಿ ಐಸ್ ಟ್ರೇ ಅಂಟಿಕೊಂಡಾಗ ಮನೆಯವರೇ ಚಮಚದಿಂದ ಎಬ್ಬಿ ಈ ಅನಾಹುತ ಮಾಡಿಕೊಂಡು ತಮ್ಮಲ್ಲಿಗೆ ಬರುವುದು ಬೇಸಗೆಯಲ್ಲಿ ವಾರಕ್ಕೊಂದಾದರೂ ಇರುತ್ತದೆಂದು ಅವರು ಹೇಳಿದರು. ಬೈಮೆಟಲ್ ಮತ್ತು ಫ್ಯೂಸ್ ಎರಡನ್ನೂ ಬದಲಾಯಿಸಿ, ನೀರಿಳಿಯುವ ತೂತಿಗೆ ದಪ್ಪ ಸಿರಿಂಜಿನಿಂದ ಬಿಸಿನೀರು ಹಾಯಿಸಿ, ಹಿಂದಿನ ತಟ್ಟೆಗೆ ನೀರು ಬಿದ್ದ ಸದ್ದು ಕೇಳಿಸಿಕೊಂಡ ಮೇಲೆಯೇ ಹಲಗೆ ಮುಚ್ಚಿದರು. ಭೇಟಿಗೆ 300, ಸಾಮಾನು ಮತ್ತು ಕೆಲಸಕ್ಕೆ 950, ಒಟ್ಟು 1,250 ರೂಪಾಯಿ. ತೆಗೆದ ಹಳೆಯ ಬೈಮೆಟಲನ್ನು ಕೈಗೆ ಕೊಟ್ಟು ಹೋದರು, ಅದನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಇವರು ಗ್ಯಾಸ್ ತುಂಬಿಸುವುದೇ ಇಲ್ಲ ಎಂದಲ್ಲ. ಅದೇ ವರ್ಷ ದೀಪಾವಳಿಯ ಹೊತ್ತಿಗೆ ಎದುರು ಮನೆಯವರ ಫ್ರಿಜ್ ನಿಜವಾಗಿಯೂ ಸೋರಿತು. ಆ ಕೆಲಸವನ್ನು ಅಂಗಡಿಯಲ್ಲೇ ಮಾಡಿದರು, ನಾನೂ ಸ್ಟೂಲ್ ಹಾಕಿಸಿಕೊಂಡು ಕೂತು ನೋಡಿದೆ. ಮೊದಲು ಸಾಬೂನಿನ ನೊರೆ ಸವರಿ ಗುಳ್ಳೆ ಏಳುವ ಜಾಗ ಹುಡುಕಿದರು. ಕಂಪ್ರೆಸರಿನ ಪಕ್ಕದ ಒಂದು ಬೆಸುಗೆ ತುಕ್ಕು ಹಿಡಿದಿತ್ತು. ಅದನ್ನು ಸರಿಪಡಿಸಿ, ಡ್ರೈಯರನ್ನು ಬದಲಾಯಿಸಿದರು. ಡ್ರೈಯರ್ ಎಂದರೆ ಕ್ಯಾಪಿಲರಿಯ ಬಾಯಲ್ಲಿ ತೇವವನ್ನು ಹೀರಿಡುವ ತಾಮ್ರದ ಪುಟ್ಟ ಉರುಳೆ. ಕೊಳವೆ ಒಮ್ಮೆ ತೆರೆದು ಗಾಳಿಗೊಡ್ಡಿದ ಮೇಲೆ ಹಳೆಯದನ್ನೇ ಬಿಟ್ಟರೆ ಉಳಿದ ತೇವ ಕ್ಯಾಪಿಲರಿಯಲ್ಲಿ ಹೆಪ್ಪುಗಟ್ಟಿ ದಾರಿ ಕಟ್ಟುತ್ತದೆ. ಬಳಿಕ ಅರ್ಧ ತಾಸಿಗೂ ಮೇಲ್ಪಟ್ಟು ವ್ಯಾಕ್ಯೂಮ್ ಪಂಪ್ ಓಡಿಸಿ, ಒತ್ತಡದ ಮುಳ್ಳು ಮೇಲೇರುತ್ತದೆಯೇ ಎಂದು ಚಹಾ ಕುಡಿಯುವಷ್ಟು ಹೊತ್ತು ಕಾದು, ಕೊನೆಗೆ ಪುಟ್ಟ ತೂಕದ ಯಂತ್ರದ ಮೇಲೆ ಗ್ಯಾಸಿನ ಡಬ್ಬಿಯಿಟ್ಟು, ಫ್ರಿಜ್ಜಿನ ಹಿಂದಿನ ಚೀಟಿಯಲ್ಲಿ ಎಷ್ಟು ಗ್ರಾಂ ಎಂದು ಅಚ್ಚಾಗಿದೆಯೋ ಅಷ್ಟನ್ನೇ ತುಂಬಿಸಿದರು. ಮನೆಗೆ ಬಂದು ಹತ್ತು ನಿಮಿಷದಲ್ಲಿ ಪೈಪು ಚುಚ್ಚಿ, ಕೈಯಂದಾಜಿನಲ್ಲಿ ಗ್ಯಾಸು ಬಿಟ್ಟು ಹೋಗುವವರ ಕೆಲಸಕ್ಕೂ ಇದಕ್ಕೂ ಇರುವ ಅಂತರ ತಿಳಿಯಬೇಕಾದರೆ ಒಮ್ಮೆ ಹೀಗೆ ಕೂತು ನೋಡಬೇಕು.

ಗ್ಯಾಸಿನ ಜಾತಿಯನ್ನೂ ಅವರು ಮೊದಲು ಓದಿಕೊಳ್ಳುತ್ತಾರೆ. ಹಳೆಯ ಫ್ರಿಜ್ಜುಗಳ ಆರ್-12 ಗ್ಯಾಸು ಓಝೋನ್ ಪದರವನ್ನು ಹಾಳುಮಾಡುವುದರಿಂದ 1987ರ ಮಾಂಟ್ರಿಯಲ್ ಒಪ್ಪಂದದ ಬಳಿಕ ಕ್ರಮೇಣ ಮರೆಯಾಯಿತು. ಅದರ ಜಾಗಕ್ಕೆ ಬಂದ ಆರ್-134ಎ ಓಝೋನಿಗೆ ತೊಂದರೆ ಕೊಡದಿದ್ದರೂ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಬಿಸಿಮಾಡುತ್ತದೆ. ಈಗಿನ ಬಹುತೇಕ ಮನೆ ಫ್ರಿಜ್ಜುಗಳಲ್ಲಿರುವುದು ಆರ್-600ಎ, ಅಂದರೆ ಐಸೋಬ್ಯೂಟೇನ್. ಪರಿಸರಕ್ಕೆ ಹಗುರ, ಕರೆಂಟೂ ಕಡಿಮೆ ಸಾಕು, ಆದರೆ ಅಡುಗೆಯ ಗ್ಯಾಸಿನ ಹತ್ತಿರದ ಸಂಬಂಧಿಯಾದ್ದರಿಂದ ಬೆಂಕಿಗೆ ಹೊತ್ತಿಕೊಳ್ಳುತ್ತದೆ. ಒಂದು ಫ್ರಿಜ್ಜಿನಲ್ಲಿರುವುದು ಕೆಲವು ಹತ್ತು ಗ್ರಾಂ ಮಾತ್ರವಾದ್ದರಿಂದ ಮನೆಯಲ್ಲಿ ಹೆದರುತ್ತ ಕೂರಬೇಕಿಲ್ಲ. ಆದರೆ ಕಂಪ್ರೆಸರಿನ ಮೇಲೆ ಬೆಂಕಿಯ ಚಿತ್ರವಿರುವ ಹಳದಿ ಚೀಟಿ ಕಂಡೂ ಅಡುಗೆಮನೆಯಲ್ಲೇ ಬೆಸುಗೆಯ ಬೆಂಕಿ ಹಚ್ಚುವ ಮಿಸ್ತ್ರಿಯನ್ನು ತಕ್ಷಣ ಹೊರಗೆ ಕಳಿಸಬೇಕು.

ಅಕ್ಕನ ಮನೆಯದು ಬೇರೆಯೇ ಕಥೆ, ಹಾಗೂ ಚಿಕ್ಕದು. ಅವಳದು ಮುಲುಂಡಿನಲ್ಲಿ ಒಂದು ಬಾಗಿಲಿನ ಹಳೆಯ ಫ್ರಿಜ್. ನಾಲ್ಕೈದು ನಿಮಿಷಕ್ಕೊಮ್ಮೆ ಹಿಂದಿನಿಂದ ಟಕ್ ಎಂಬ ಸದ್ದು ಬರುತ್ತಿತ್ತು, ಕಂಪ್ರೆಸರ್ ಮುಟ್ಟಲಾಗದಷ್ಟು ಬಿಸಿ, ಒಳಗೆ ತಂಪಿಲ್ಲ. ಅಲ್ಲಿಯ ಮಿಸ್ತ್ರಿ ಕಂಪ್ರೆಸರ್ ಹೋಗಿದೆಯೆಂದು 6,000 ಕೇಳಿದ್ದ. ನಮ್ಮವರು ಕಂಪ್ರೆಸರಿನ ಪಕ್ಕಕ್ಕೆ ಸಿಕ್ಕಿಸಿರುವ ರಿಲೇಯನ್ನು ಕಿತ್ತು ಅಕ್ಕನ ಕಿವಿಯ ಬಳಿ ಅಲ್ಲಾಡಿಸಿದರು, ಗೆಜ್ಜೆಯಂತೆ ಸದ್ದಾಯಿತು. ಒಳಗಿನ ಬಿಲ್ಲೆ ಒಡೆದು ಚೂರಾಗಿತ್ತು. ಆ ಬಿಲ್ಲೆ ಕಂಪ್ರೆಸರಿಗೆ ಎದ್ದು ಓಡಲು ಮೊದಲ ತಳ್ಳು ಕೊಡುವಂಥದ್ದು. ಅದಿಲ್ಲದೆ ಕಂಪ್ರೆಸರ್ ಮುಕ್ಕಿ ಬಿಸಿಯಾಗುತ್ತದೆ, ಓವರ್‌ಲೋಡ್ ಎಂಬ ರಕ್ಷಣೆಯ ಸ್ವಿಚ್ಚು ಅದರ ಕರೆಂಟ್ ಕಡಿಯುತ್ತದೆ, ತಣಿದ ಮೇಲೆ ಮತ್ತೆ ಅದೇ. 350 ರೂಪಾಯಿಗೆ ಕೆಲಸ ಮುಗಿಯಿತು. ಕರೆಂಟ್ ಹೋಗಿ ಕ್ಷಣದಲ್ಲಿ ಮರಳಿ ಬರುವ ಪ್ರದೇಶಗಳಲ್ಲಿ ರಿಲೇ ಬೇಗ ಕೆಡುತ್ತದೆಂದೂ, ಕೊಳವೆಗಳೊಳಗಿನ ಒತ್ತಡ ಸಮವಾಗಲು ಮೂರರಿಂದ ಐದು ನಿಮಿಷ ಬೇಕೆಂದೂ, ಕರೆಂಟ್ ಹೋದ ತಕ್ಷಣ ಸ್ವಿಚ್ ಆರಿಸಿ ಐದು ನಿಮಿಷದ ಮೇಲೆ ಹಾಕುವ ಅಭ್ಯಾಸವೊಂದೇ ಸಾಕೆಂದೂ ಅವರು ಹೇಳಿದರು. ಸ್ಟೆಬಿಲೈಸರ್ ಮಾರುವ ಅವಕಾಶವಿದ್ದೂ ಮಾರಲಿಲ್ಲ. ಬದಲಿಗೆ ಮಿಕ್ಸರಿಗೂ ಫ್ರಿಜ್ಜಿಗೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್ ಬಳಸುತ್ತಿದ್ದ ಅಕ್ಕನಿಗೆ ಬೈದು, ಅರ್ಥಿಂಗ್ ಇರುವ ಗೋಡೆಯ ಪ್ಲಗ್ಗಿಗೇ ಫ್ರಿಜ್ಜನ್ನು ಸೇರಿಸಿದರು.

ಅವರು ಕೊಟ್ಟ ನಿರ್ವಹಣೆಯ ಸಲಹೆಗಳಲ್ಲಿ ಹೆಚ್ಚಿನವು ಇಲ್ಲಿಯ ಮಳೆಗಾಲಕ್ಕೆ ಸಂಬಂಧಿಸಿದವು. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಪ್ರತಿಸಲ ಬಾಗಿಲು ತೆರೆದಾಗಲೂ ಒಳಕ್ಕೆ ತೇವ ನುಗ್ಗುತ್ತದೆ, ಹಿಮ ಹೆಚ್ಚು ಕಟ್ಟುತ್ತದೆ, ಕರಗಿದ ನೀರೂ ಹೆಚ್ಚುತ್ತದೆ. ಅದೇ ತೇವದ ಗಾಳಿಯಿಂದಾಗಿ ಹಿಂದಿನ ತಟ್ಟೆಯ ನೀರು ಆವಿಯಾಗುವುದು ನಿಧಾನ. ತಟ್ಟೆ ತುಂಬಿ ನಿಲ್ಲುತ್ತದೆ, ಡೆಂಗಿ ಹರಡುವ ಸೊಳ್ಳೆಗೆ ಅದಕ್ಕಿಂತ ಪ್ರಶಸ್ತವಾದ ತೊಟ್ಟಿಲು ಮನೆಯಲ್ಲಿ ಇನ್ನೊಂದಿಲ್ಲ. ಮಳೆಗಾಲದಲ್ಲಿ ಪಾಲಿಕೆಯವರು ಮನೆಮನೆಗೆ ಬಂದು ಹೂಕುಂಡದ ಜೊತೆಗೆ ಫ್ರಿಜ್ಜಿನ ಹಿಂದೆಯೂ ಬಗ್ಗಿ ನೋಡುವುದು ಸುಮ್ಮನೆ ಅಲ್ಲ. ವಾರಕ್ಕೊಮ್ಮೆ ಆ ತಟ್ಟೆಯನ್ನು ತೆಗೆದು ಉಜ್ಜಿ ತೊಳೆಯಬೇಕು. ಅಂಥ ತಟ್ಟೆಯೊಂದಿದೆಯೆಂಬುದೇ ನಮಗೆ ಒಂಬತ್ತು ವರ್ಷ ಗೊತ್ತಿರಲಿಲ್ಲ.

ಬಾಗಿಲಿನ ರಬ್ಬರ್ ಪಟ್ಟಿಯ ವಿಷಯದಲ್ಲಿ ಅವರ ಪ್ರಾಮಾಣಿಕತೆಯನ್ನು ಇನ್ನೊಮ್ಮೆ ಕಂಡೆ. ಹತ್ತು ರೂಪಾಯಿಯ ನೋಟನ್ನು ಬಾಗಿಲಿಗೂ ಚೌಕಟ್ಟಿಗೂ ನಡುವೆ ಸಿಕ್ಕಿಸಿ ಎಳೆದಾಗ ಬಿಗಿ ಹತ್ತಬೇಕು. ನಮ್ಮದರಲ್ಲಿ ಹಿಂಜಿನ ಕಡೆಯ ಕೆಳಮೂಲೆಯಲ್ಲಿ ನೋಟು ಸಲೀಸಾಗಿ ಜಾರಿ ಬಂತು. ಹೊಸ ಪಟ್ಟಿಗೆ 1,100 ಆಗುತ್ತಿತ್ತು. ಅವರು ಸಾಬೂನಿನ ನೀರಿನಿಂದ ಪಟ್ಟಿಯ ಮಡಿಕೆಗಳಲ್ಲಿ ಕೂತಿದ್ದ ಕಪ್ಪು ಬೂಷ್ಟನ್ನು ತಿಕ್ಕಿ ತೆಗೆಸಿ, ಕೂದಲು ಒಣಗಿಸುವ ಡ್ರೈಯರಿನಿಂದ ಆ ಮೂಲೆಯನ್ನು ಹದವಾಗಿ ಬಿಸಿಮಾಡಿ, ಕೈಯಿಂದ ಹೊರಕ್ಕೆಳೆದು ಆಕಾರ ಕೊಟ್ಟು, ಒಂದು ರಾತ್ರಿ ಬಾಗಿಲು ಮುಚ್ಚಿಡಲು ಹೇಳಿದರು. ಪ್ಲಗ್ಗಿಗೆ ಹಾಕುವ ಯೂನಿಟ್ ಮೀಟರಿನಲ್ಲಿ ನಾನು ಅಳೆದಂತೆ, ಅದಕ್ಕೆ ಮೊದಲು ದಿನಕ್ಕೆ 1.6 ಯೂನಿಟ್ ಉಣ್ಣುತ್ತಿದ್ದ ಫ್ರಿಜ್ ಬಳಿಕ 1.1ಕ್ಕೆ ಇಳಿಯಿತು. ಇದರಲ್ಲಿ ಸ್ವಲ್ಪ ಪಾಲು ಜಾಗ ಬದಲಿಸಿದ್ದಕ್ಕೂ ಸಲ್ಲಬೇಕು. ಮುಂಬಯಿಯ ಮನೆಗಳಲ್ಲಿ ಫ್ರಿಜ್ಜನ್ನು ಕಪಾಟಿಗೂ ಗೋಡೆಗೂ ನಡುವೆ ಬೆಣೆಯಂತೆ ತುರುಕುವುದು ರೂಢಿ. ಪಕ್ಕದ ಗೋಡೆಗಳೊಳಗೆ ಶಾಖದ ಕೊಳವೆಗಳಿರುವ ಫ್ರಿಜ್ಜು ಅಲ್ಲಿ ಉಸಿರುಕಟ್ಟುತ್ತದೆ. ನಾಲ್ಕು ಬೆರಳಗಲ ಬಿಡಿಸಿಕೊಳ್ಳಲು ನಾವು ಅಕ್ಕಿಯ ಡಬ್ಬಿಯನ್ನು ನಡುಮನೆಗೆ ಕಳಿಸಬೇಕಾಯಿತು. ಪಕ್ಕದ ಗೋಡೆ ಮುಟ್ಟಿದಾಗ ಬೆಚ್ಚಗಿರುವುದು ರೋಗವಲ್ಲ ಎಂಬುದನ್ನೂ ಆಗಲೇ ತಿಳಿದೆ.

ಒಳಗಿನ ತಿರುಗುಗುಂಡಿಯ ಅಂಕಿಗಳು ಡಿಗ್ರಿಗಳಲ್ಲ. 7 ಎಂದರೆ ಹೆಚ್ಚು ತಂಪು ಎಂದಷ್ಟೇ. ಕೆಳಗಿನ ಭಾಗ 4 ಡಿಗ್ರಿ ಸೆಲ್ಸಿಯಸ್ಸಿನ ಒಳಗೂ ಫ್ರೀಜರ್ ಮೈನಸ್ 18ರ ಸುತ್ತಲೂ ಇರಬೇಕು. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ನಡುವಿನ ತಟ್ಟೆಯಲ್ಲಿಟ್ಟು ಬೆಳಗ್ಗೆ ನೋಡಿದರೆ ನಿಜ ತಿಳಿಯುತ್ತದೆ, ಏಕೆಂದರೆ ಬಾಗಿಲು ತೆರೆದ ಕ್ಷಣ ಗಾಳಿಯ ಬಿಸಿ ಏರುತ್ತದೆ, ನೀರಿನದು ಏರುವುದಿಲ್ಲ.

ಇನ್ನು ದೂರುಗಳು. ಇವರ ಗಡಿಯಾರಕ್ಕೂ ಲೋಕದ ಗಡಿಯಾರಕ್ಕೂ ಹೊಂದಿಕೆಯಿಲ್ಲ. ನಾಲ್ಕು ಭೇಟಿಗಳಲ್ಲಿ ಹೇಳಿದ ಹೊತ್ತಿಗೆ ಬಂದದ್ದು ಒಂದು ಸಲ, ಅದೂ ಅವರು ನಮ್ಮ ಕಟ್ಟಡದ ಇನ್ನೊಂದು ಮನೆಗೆ ಬಂದಿದ್ದರು. ಕೇಳದೆ ಬಿಲ್ ಕೊಡುವುದಿಲ್ಲ, ಕೇಳಿದರೆ ರಸೀದಿ ಪುಸ್ತಕದ ಹಾಳೆಯಲ್ಲಿ ‘ಫ್ರಿಜ್ ಕೆಲಸ’ ಎಂದು ಬರೆದು ಮೊತ್ತ ಹಾಕುತ್ತಾರೆ. ಯಾವ ಭಾಗ, ಯಾವ ತಯಾರಿಕೆ, ಎಷ್ಟು ದಿನದ ಖಾತರಿ ಎಂಬುದು ಅದರಲ್ಲಿರುವುದಿಲ್ಲ. ಮೂರು ತಿಂಗಳ ಖಾತರಿ ಬಾಯಿಮಾತಿನದು. ಇದುವರೆಗೆ ಅದನ್ನು ಪರೀಕ್ಷಿಸುವ ಪ್ರಸಂಗ ಬಂದಿಲ್ಲವಾದರೂ, ಎಲ್ಲ ಗ್ರಾಹಕರೂ ಬಾಯಿಮಾತಿನ ಮೇಲೆ ನಡೆಯಬೇಕೆಂದು ಹೇಳಲಾರೆ. ಹಾಕುವ ಭಾಗಗಳು ಹೆಚ್ಚಾಗಿ ಕಂಪನಿಯವಲ್ಲ, ಮಾರುಕಟ್ಟೆಯವು. ಕೇಳಿದರೆ ಮುಚ್ಚಿಡದೆ ಹೇಳುತ್ತಾರೆ, ಕೇಳದಿದ್ದರೆ ಹೇಳುವುದಿಲ್ಲ.

ಅಗತ್ಯಕ್ಕೆ ತಕ್ಕಂತೆ ವೇಗ ಬದಲಿಸುವ ಇನ್ವರ್ಟರ್ ಕಂಪ್ರೆಸರಿನ ಹೊಸ ಫ್ರಿಜ್ಜುಗಳ ಎಲೆಕ್ಟ್ರಾನಿಕ್ ಬೋರ್ಡ್ ಕೆಟ್ಟಿದ್ದರೆ ಇವರಲ್ಲಿಗೆ ಹೋಗಿ ಪ್ರಯೋಜನವಿಲ್ಲ. ಕೆಳಮನೆಯವರ ಅಂಥ ಫ್ರಿಜ್ಜನ್ನು ನೋಡಿ ಇದು ತಮಗೆ ತಿಳಿಯದ ವಿದ್ಯೆಯೆಂದು ಹೇಳಿ, ಭೇಟಿಯ ಹಣವನ್ನೂ ಪಡೆಯದೆ ಎದ್ದರು. ಖಾತರಿಯ ಅವಧಿಯಲ್ಲಿರುವ ಫ್ರಿಜ್ಜಿಗೂ ಕಂಪನಿಯವರನ್ನೇ ಕರೆಯಬೇಕು, ಹೊರಗಿನವರು ಕೈಹಾಕಿದರೆ ಖಾತರಿ ಹೋಗುತ್ತದೆ. ಆದರೆ ಬಾಗಿಲ ಮೇಲೆ ಅಂಟಿಸಿರುವ ಹತ್ತು ವರ್ಷದ ಖಾತರಿ ಸಾಮಾನ್ಯವಾಗಿ ಕಂಪ್ರೆಸರೆಂಬ ಬಿಡಿಭಾಗಕ್ಕೆ ಮಾತ್ರ. ಗ್ಯಾಸು, ಡ್ರೈಯರ್, ಕೂಲಿ, ಸಾಗಾಟ ನಮ್ಮ ಜೇಬಿನಿಂದಲೇ ಹೋಗುತ್ತವೆ. ಉಚಿತ ಕಂಪ್ರೆಸರಿನ ಬಿಲ್ಲು ನೋಡಿ ಬೆಚ್ಚಿಬೀಳುವ ಬದಲು ಆ ಕಾಗದವನ್ನು ಕೊಳ್ಳುವ ದಿನವೇ ಓದುವುದು ಲೇಸು.

ಅಂಗಡಿಯ ಮೂಲೆಯಲ್ಲಿ ದುಂಡು ಹೆಗಲಿನ, ಹಿಡಿಕೆ ಎಳೆದರೆ ಲಾರಿಯ ಬಾಗಿಲಿನಂತೆ ಸದ್ದುಮಾಡುವ ಒಂದು ಹಳೆಯ ಗೋದ್ರೇಜ್ ನಿಂತಿದೆ. ಭಾರತೀಯ ಕಂಪನಿಯೊಂದು ಮೊದಲ ಬಾರಿಗೆ ಫ್ರಿಜ್ ತಯಾರಿಸಿದ್ದು 1958ರಲ್ಲಿ, ಅದು ಗೋದ್ರೇಜ್. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಹೋಗುವ ನಿಧಾನದ ಲೋಕಲ್ ನಿಲ್ಲುವ ವಿಕ್ರೋಲಿಯಲ್ಲೇ ಅವರ ದೊಡ್ಡ ಕಾರ್ಖಾನೆಗಳ ಊರಿದೆ. ಅಂಗಡಿಯದು ಅಷ್ಟು ಹಳೆಯದಲ್ಲವಾದರೂ ಇಂದಿಗೂ ಓಡುತ್ತದೆ, ಹುಡುಗನ ಊಟದ ಡಬ್ಬಿ ಅದರಲ್ಲೇ ಇರುತ್ತದೆ. ಕರೆಂಟ್ ಎಷ್ಟು ತಿನ್ನುತ್ತದೆಂದು ಕೇಳಿದೆ. “ಅದನ್ನು ಮಾತ್ರ ಕೇಳ್ಬೇಡಿ ಸರ್, ಈಗಿನ ಎರಡು ಫ್ರಿಜ್ಜಿನ ಊಟ ಇದೊಂದಕ್ಕೆ ಬೇಕು” ಎಂದರು.

ಡೊಂಬಿವಲಿ, ಠಾಕುರ್ಲಿ, ಕಲ್ಯಾಣದ ಕಡೆ ಇರುವವರು, ಖಾತರಿ ಮುಗಿದ ಸಾಧಾರಣ ಫ್ರಿಜ್ ಉಳ್ಳವರು, ಎರಡು ದಿನ ಕಾಯಬಲ್ಲವರು ಇವರಲ್ಲಿಗೆ ಹೋಗಬಹುದು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಡಿದ ಅಂಕದಲ್ಲಿ ಅರ್ಧ ಹೊತ್ತುಗೊತ್ತಿಲ್ಲದ್ದಕ್ಕೆ, ಉಳಿದರ್ಧ ನಮ್ಮ ತರಕಾರಿ ಡಬ್ಬಿಗೆ. ಕಳೆದ ಗೌರಿಹಬ್ಬದ ಹೊತ್ತಿಗೆ ಅದರ ಮುಂಭಾಗ ಸೀಳಿತ್ತು. ಅದೇ ಅಳತೆಯದು ಉಲ್ಹಾಸನಗರದಲ್ಲಿ ಸಿಗುತ್ತದೆ, ಮುಂದಿನ ಮಂಗಳವಾರ ತರುತ್ತೇನೆ ಎಂದು ಅಳತೆ ಬರೆದುಕೊಂಡು ಹೋದರು. ಡಬ್ಬಿಗೆ ಸದ್ಯ ಪಾರ್ಸೆಲ್ ಅಂಟಿಸುವ ಟೇಪ್ ಸುತ್ತಿದ್ದೇವೆ, ಹರಿವೆ ಸೊಪ್ಪು ತಂದ ದಿನ ಅದೂ ಬಿಟ್ಟುಕೊಳ್ಳುತ್ತದೆ.